ಉಪಾಹಾರಗೃಹದ ಅನ್ನವೂ ಲಿಂಗಾರ್ಪಣವೂ

ವಾರದ ಕೊನೆಯಲ್ಲಿ ಎರಡು ದಿನಗಳ ಬಿಡುವು ದೊರೆತೊಡನೆ ಸಂಸಾರಸಮೇತರಾಗಿ ಘಟ್ಟವನ್ನಿಳಿದು ಕ್ಷೇತ್ರಗಳನ್ನು ಕಂಡುಬರುವುದು ಬಯಲುಸೀಮೆಯ ಗೃಹಸ್ಥರಲ್ಲಿ ಈಗ ರೂಢಿಯಾಗಿದೆ. ಹಾಸನದ ಕಡೆಯವರು ಶಿರಾಡಿ ಘಟ್ಟವನ್ನಿಳಿದು ಗುಂಡ್ಯದಲ್ಲಿ ತಿರುಗಿ ಕುಕ್ಕೆ ಸುಬ್ರಹ್ಮಣ್ಯವನ್ನು ಸೇರುತ್ತಾರೆ. ಮೈಸೂರಿನ ಕಡೆಯವರು ಮಡಿಕೇರಿಯನ್ನು ದಾಟಿ, ಸಂಪಾಜೆಯ ಮಾರ್ಗವಾಗಿ ಸುಳ್ಯಕ್ಕಿಳಿದು, ಪುತ್ತೂರಿನ ಮಹಾಲಿಂಗೇಶ್ವರನನ್ನು ಕಂಡು, ನೇತ್ರಾವತಿ ಕುಮಾರಧಾರೆಗಳು ಕೂಡುವ ಉಪ್ಪಿನಂಗಡಿಯವರೆಗೂ ಹೋಗುವುದುಂಟು. ಆ ಸೀಮೆಯು ಶಿವಭಕ್ತರಿಗೆ ಪರದೇಶವೇನೂ ಅಲ್ಲ. ಅಮರ ಸುಳ್ಯದ ಮಾಗಣೆಯು 1834ರಲ್ಲಿ ಕಂಪನಿಯವರು ಕೊಡಗನ್ನು ವಶಪಡಿಸಿಕೊಳ್ಳುವವರೆಗೆ ವೀರಶೈವರಾದ ಹಾಲೇರಿ ಅರಸರ ಆಳ್ವಿಕೆಗೆ ಸೇರಿತ್ತು. 1837ರಲ್ಲಿ ಅಲ್ಲಿಯ ರೈತರು ಕಂಪನಿ ಸರ್ಕಾರಕ್ಕೆ ವಿರುದ್ಧವಾಗಿ ಎದ್ದಾಗ ಅವರು ಮುಂದಿಟ್ಟುಕೊಂಡದ್ದು ಆ ವಂಶದ ಹೆಸರನ್ನೇ. ಇಷ್ಟಲಿಂಗಧಾರಿಯು ಸ್ಥಾವರದರ್ಶನಕ್ಕಾಗಿ ಇಷ್ಟು ದೂರ ಹೋಗಬೇಕೆ ಎಂಬುದು ಬೇರೊಂದು ಪ್ರಶ್ನೆ; ಅದನ್ನು ಇಲ್ಲಿ ಎತ್ತಿದರೆ ಊಟದ ಹೊತ್ತು ಮೀರೀತು.

ಊಟದ ವಿಷಯವೇ ಇಲ್ಲಿ ಪ್ರಸ್ತುತವಾದುದು. ಎರಡು ದಿನಗಳ ಪ್ರವಾಸದಲ್ಲಿ ಐದಾರು ಹೊತ್ತು ಹೋಟೆಲಿನ ಮೇಜಿನ ಮುಂದೆಯೇ ಕುಳಿತುಕೊಳ್ಳಬೇಕಾಗುತ್ತದೆ. ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿಯ ಅನ್ನ, ಸಂಜೆಗೆ ಗೋಳಿಬಜೆ. ಮನೆಯಲ್ಲಿ ವಿಭೂತಿ ಧರಿಸಿ, ಲಿಂಗಕ್ಕೆ ತೋರಿ, ಅನಂತರವೇ ತುತ್ತೆತ್ತುವ ಹಿರಿಯರು ಇಲ್ಲಿ ಸಂಕೋಚದಿಂದ ಸುತ್ತಲೂ ನೋಡುತ್ತಾರೆ. ಅಡಿಗೆ ಮಾಡಿದವನು ಯಾರೋ, ಬಡಿಸಿದವನು ಯಾರೋ. ಹಣ ತೆತ್ತು ಕೊಂಡ ಈ ಪದಾರ್ಥವು ಅರ್ಪಿತಕ್ಕೆ ಯೋಗ್ಯವೆ? ಯೋಗ್ಯವಲ್ಲದಿದ್ದರೆ ಆ ಎರಡು ದಿನ ಉಂಡದ್ದೆಲ್ಲವೂ ಅನರ್ಪಿತವೆ? ಸಣ್ಣದೆಂದು ತೋರುವ ಈ ಸಂದೇಹವು ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದದ ಬುಡಕ್ಕೇ ಮುಟ್ಟುತ್ತದೆ.

ಒಂದು ಪಕ್ಷದವರು ಹೇಳುವುದು ಸ್ಪಷ್ಟವಾಗಿದೆ: ಭವಿಪಾಕವು ಭಕ್ತನಿಗೆ ಸಲ್ಲದು, ಆದಕಾರಣ ಬುತ್ತಿ ಕಟ್ಟಿಕೊಂಡೇ ಹೊರಡತಕ್ಕದ್ದು. ಶರಣರಲ್ಲಿ ಇಂಥ ವ್ರತವನ್ನು ಹಿಡಿದವರಿದ್ದರೆಂಬುದು ನಿಜ. ಅದನ್ನು ಮುಚ್ಚಿಟ್ಟು ವಾದಿಸುವುದು ಪ್ರಾಮಾಣಿಕವಾಗದು. ಆದರೆ ಹೋಟೆಲಿನ ಅಡಿಗೆಯವನ ಕೊರಳಲ್ಲಿ ಲಿಂಗವುಂಟೆ ಎಂದು ಕೇಳುವವರು ಬಹಳ ಕಡಿಮೆ. ಅವನ ಜಾತಿ ಯಾವುದೆಂದು ಕೇಳುವವರೇ ಹೆಚ್ಚು. ಈ ಎರಡು ಪ್ರಶ್ನೆಗಳು ಒಂದೇ ಅಲ್ಲ. ಬಸವಣ್ಣನವರು ಹೊಲಗೇರಿಯ ನಾಗಿದೇವನ ಮನೆಯಲ್ಲಿ ಪ್ರಸಾದವನ್ನು ಸ್ವೀಕರಿಸಿದುದಕ್ಕಾಗಿ ಬಿಜ್ಜಳನವರೆಗೆ ದೂರು ಹೋದ ಕಥೆಯನ್ನು ಮಠಗಳ ಪುರಾಣಶ್ರವಣದಲ್ಲಿ ಕೇಳಿ ತಲೆದೂಗುವವರೇ ಹೋಟೆಲಿನ ಬಾಗಿಲಲ್ಲಿ ನಿಂತು ಅಡಿಗೆಯವನ ಕುಲವನ್ನು ಪಿಸುದನಿಯಲ್ಲಿ ವಿಚಾರಿಸುತ್ತಾರೆ. ಅದು ವ್ರತವಲ್ಲ, ಜಾತ್ಯಭಿಮಾನ. ವ್ರತದ ಅಂಗಿಯನ್ನು ತೊಟ್ಟುಕೊಂಡಿದೆ, ಅಷ್ಟೆ. ಇನ್ನು ಭವಿಯ ದ್ರವ್ಯದ ಮಾತು. ಭವಿಯಾದ ಬಿಜ್ಜಳನ ಊಳಿಗದಲ್ಲಿದ್ದಾರೆಂದು ಬಸವಣ್ಣನವರ ಮೇಲೆಯೇ ಆಕ್ಷೇಪವು ಬಂದಿತ್ತು. ಆ ಊಳಿಗದ ಸಂಪಾದನೆಯೇ ಕಲ್ಯಾಣದಲ್ಲಿ ಜಂಗಮದಾಸೋಹವಾಗಿ ಹರಿಯಿತು. ಪದಾರ್ಥವು ಎಲ್ಲಿಂದ ಬಂದಿತು ಎಂಬುದಷ್ಟೇ ಅಲ್ಲದೆ, ಕೈಗೆ ಬಂದ ಮೇಲೆ ಅದು ಏನಾಯಿತು ಎಂಬುದೂ ವಿಚಾರಣೀಯವೆಂದು ಇದರಿಂದ ತಿಳಿಯುತ್ತದೆ.

ವಿಚಿತ್ರವಾದುದು ಇನ್ನೊಂದಿದೆ. ಪಂಕ್ತಿಭೇದವನ್ನು ಅಳಿಸಬೇಕೆಂದು ಶರಣರು ಹನ್ನೆರಡನೆಯ ಶತಮಾನದಲ್ಲಿ ಸಾರಿದರು. ಕಳೆದ ಶತಮಾನದ ಪೂರ್ವಾರ್ಧದಲ್ಲಿಯೂ ಅನೇಕ ಊರುಗಳ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಸ್ಥಳವಿತ್ತು. ಅಸ್ಪೃಶ್ಯರೆನಿಸಿಕೊಂಡವರು ಹೊರಗೆ ನಿಂತು ಬೇರೆ ಪಾತ್ರೆಯಲ್ಲಿ ಕುಡಿಯಬೇಕಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿಗಳೊಡನೆ ಉಪಾಹಾರಗೃಹಗಳನ್ನೂ ಹೋಟೆಲುಗಳನ್ನೂ ಹೆಸರಿಸಿ, ಅಲ್ಲಿಗೆ ಪ್ರವೇಶಿಸುವುದರಲ್ಲಿ ಜಾತಿಯ ಕಾರಣದಿಂದ ಯಾರಿಗೂ ಅಡ್ಡಿಯಿರಕೂಡದೆಂದು ವಿಧಿಸಿತು. ಧರ್ಮೋಪದೇಶವು ಎಂಟು ಶತಮಾನಗಳಲ್ಲಿ ಪೂರ್ಣವಾಗಿ ಮಾಡಲಾರದುದನ್ನು ಶಾಸನವೂ ನಾಣ್ಯವೂ ಸೇರಿ ಬಹುಮಟ್ಟಿಗೆ ಮಾಡಿವೆ. ಕುಕ್ಕೆಯಲ್ಲಿಯೇ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಭಕ್ತರು ಉರುಳುವ ಮಡೆಸ್ನಾನವು ಬಹುಕಾಲ ನಡೆದು, ನ್ಯಾಯಾಲಯಗಳನ್ನೇರಿ, 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ತಡೆಯನ್ನು ಕಂಡುದನ್ನು ನೆನೆದರೆ, ಪೇಟೆಯ ಬೀದಿಯ ಸಾಮಾನ್ಯ ಹೋಟೆಲಿನಲ್ಲಿ ಯಾರ ಪಕ್ಕದಲ್ಲಿ ಯಾರೆಂದು ಕೇಳದೆ ಕುಳಿತು ಉಣ್ಣುವ ಪಂಕ್ತಿಯು ಕ್ಷುಲ್ಲಕವಾಗಿ ತೋರದು.

ಹಾಗೆಂದ ಮಾತ್ರಕ್ಕೆ ಹೋಟೆಲಿನ ಪಂಕ್ತಿಯೇ ದಾಸೋಹದ ಪಂಕ್ತಿಯೆಂದು ಹೇಳಿದರೆ ತಪ್ಪಾಗುತ್ತದೆ. ದಾಸೋಹದಲ್ಲಿ ಬಡಿಸುವವನು ತಾನು ಧನ್ಯನಾದೆನೆಂದು ಭಾವಿಸುತ್ತಾನೆ. ಹೋಟೆಲಿನಲ್ಲಿ ಉಣ್ಣುವವನು ತಾನು ಹಣ ಕೊಟ್ಟೆನೆಂದು ಭಾವಿಸುತ್ತಾನೆ. ಪ್ರ ಎಂಬ ಉಪಸರ್ಗದೊಡನೆ ಸದ್ ಧಾತುವಿನಿಂದಾದ ಪ್ರಸಾದ ಶಬ್ದಕ್ಕೆ ತಿಳಿಯಾಗುವಿಕೆ, ಪ್ರಸನ್ನತೆ ಎಂಬುದು ಮೂಲಾರ್ಥ. ಕಲಕಿದ ನೀರು ತಿಳಿಯಾಗುವುದೂ ಪ್ರಸಾದವೇ. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲದಲ್ಲಿ ನಿಂತವನು ಬಂದುದನ್ನು ಪ್ರಸನ್ನತೆಯಿಂದ ಪಡೆಯುವವನು. ಇದು ತನ್ನ ಹಕ್ಕೆಂದು ಮೇಜು ಬಡಿಯುವವನಲ್ಲ. ದೋಸೆ ತಡವಾಯಿತೆಂದು ಬಡಿಸುವ ಹುಡುಗನನ್ನು ಏಕವಚನದಲ್ಲಿ ಗದರಿಸಿ, ಮರುಕ್ಷಣವೇ ಹಣೆಯ ವಿಭೂತಿಯನ್ನು ಮುಟ್ಟಿಕೊಂಡು ತುತ್ತೆತ್ತುವ ಗೃಹಸ್ಥನ ಅನ್ನವನ್ನು ಕೆಡಿಸಿದವನು ಅಡಿಗೆಯವನಲ್ಲ. ಹೋಟೆಲಿನಲ್ಲಿ ದುಡಿಯುತ್ತಿರುವವನು ಹದಿನಾಲ್ಕು ತುಂಬದ ಬಾಲಕನಾಗಿದ್ದರಂತೂ ಅಲ್ಲಿ ಉಣ್ಣದಿರುವುದೇ ಆಚಾರ. 2006ರ ಅಕ್ಟೋಬರಿನಿಂದ ಹೋಟೆಲು ಢಾಬಾಗಳಲ್ಲಿ ಅಂಥ ಮಕ್ಕಳ ದುಡಿಮೆಯು ನಿಷಿದ್ಧವಾಗಿದೆಯಾದರೂ ಕಣ್ಣು ತೆರೆದು ನೋಡುವ ಭಾರವು ಉಣ್ಣುವವನ ಮೇಲೆಯೂ ಇದೆ.

ಎಲೆಯಲ್ಲಿ ಬಿಡುವ ಅನ್ನದ ಮಾತನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಮಕ್ಕಳು ಕೇಳಿದರೆಂದು ನಾಲ್ಕು ಬಗೆಯ ತಿಂಡಿಗಳನ್ನು ತರಿಸಿ, ಎಲ್ಲದರಲ್ಲಿಯೂ ಒಂದೊಂದು ಮೂಲೆಯನ್ನು ಮುರಿದು ಬಿಟ್ಟೇಳುವುದು ಪ್ರವಾಸದ ಮರ್ಯಾದೆಯೆಂಬಂತಾಗಿದೆ. ಬಯಲುಸೀಮೆಯವರಿಗೆ ಕುಚ್ಚಲಕ್ಕಿಯ ದಪ್ಪ ಅನ್ನವು ಹಿಡಿಸದೆ, ಎರಡು ತುತ್ತು ಉಂಡು ಉಳಿದುದನ್ನು ಎಲೆಯಲ್ಲಿಯೇ ಮಡಚುವುದು ಪುತ್ತೂರು ಸುಳ್ಯಗಳಲ್ಲಿ ವಿಶೇಷವಾಗಿ ಕಾಣುತ್ತದೆ. ಪುತ್ತೂರಿನ ದೇವಾಲಯದ ಕೆರೆಯ ಸ್ಥಳಪುರಾಣವಾದರೋ ಇದಕ್ಕೆ ವಿರುದ್ಧವಾದುದು. ಎಷ್ಟು ಅಗೆದರೂ ನೀರು ಬಾರದಿರಲು ಕೆರೆಯ ತಳದಲ್ಲಿಯೇ ಸಂತರ್ಪಣೆಯನ್ನು ನಡೆಸಿದರಂತೆ; ಎಲೆಗಳನ್ನು ತೆಗೆಯುವ ಮೊದಲೇ ಜಲವುಕ್ಕಿ, ಎಲೆಯಲ್ಲಿದ್ದ ಅನ್ನದ ಅಗುಳುಗಳು ಮುತ್ತುಗಳಾದುವಂತೆ; ಮುತ್ತೂರೇ ಪುತ್ತೂರಾಯಿತಂತೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದುಬರುವಂತೆ ಹಿಂದಕ್ಕೆ ಕಳುಹಿಸಿದ ಪ್ರಸಂಗವು ಪ್ರತಿ ಮನೆಯಲ್ಲಿಯೂ ತಿಳಿದದ್ದೇ. ಆಕೆಯು ಅಕ್ಕಿಯ ಶುದ್ಧಿಯನ್ನು ಪ್ರಶ್ನಿಸಲಿಲ್ಲ, ಅಳತೆಯನ್ನು ಪ್ರಶ್ನಿಸಿದಳು. ಉಣ್ಣದೆ ಬಿಡುವೆನೆಂದು ತಿಳಿದೂ ತರಿಸಿದ ಪದಾರ್ಥವನ್ನು ಲಿಂಗಕ್ಕೆ ಅರ್ಪಿಸುವುದು ಹೇಗೆ?

ಬುತ್ತಿಯೇ ಲೇಸೆನ್ನುವವರಿಗೆ ಇನ್ನೊಂದು ಮಾತು. ಬುತ್ತಿ ತಾನಾಗಿ ಕಟ್ಟಿಕೊಳ್ಳುವುದಿಲ್ಲ. ಐದು ಗಂಟೆಗೆ ಹೊರಡಬೇಕಾದರೆ ಮೂರಕ್ಕೆ ಎದ್ದು ರೊಟ್ಟಿ ಬಡಿದು, ಚಟ್ನಿ ಅರೆದು, ಮೊಸರನ್ನ ಕಲಸುವವಳು ಮನೆಯೊಡತಿ. ವರ್ಷದ ಮುನ್ನೂರಕ್ಕೂ ಹೆಚ್ಚು ದಿನ ಒಲೆಯ ಮುಂದೆ ಕಾಯಕ ಮಾಡಿದವಳು ಎರಡು ದಿನ ಇನ್ನೊಬ್ಬರು ಬಡಿಸಿದುದನ್ನು ಕುಳಿತು ಉಂಡರೆ ಆಚಾರವು ಕೆಡುವುದೆನ್ನುವ ಪುರುಷನು, ಆ ಆಚಾರದ ಭಾರವನ್ನು ತಾನೇ ಹೊತ್ತು ಮೂರು ಗಂಟೆಗೆ ಏಳಲಿ. ಕಾಯಕವು ಸತಿಗೂ ಪತಿಗೂ ಸಮಾನವೆಂದು ಉಪನ್ಯಾಸಗಳಲ್ಲಿ ಕೇಳಿದ್ದು ಅಡಿಗೆಮನೆಯ ಹೊಸಲನ್ನು ದಾಟಿ ಒಳಗೆ ಹೋಗಬೇಕಾದ ಸಂದರ್ಭವಿದು. ಉತ್ತರ ಕರ್ನಾಟಕದಲ್ಲಿ ಲಿಂಗಾಯತ ಖಾನಾವಳಿಗಳು ಪರಸ್ಥಳದವರಿಗೆ ರೊಟ್ಟಿಯೂಟವನ್ನು ಬಡಿಸುತ್ತ ಬಂದಿವೆ. ಅಲ್ಲಿ ಹಣ ಕೊಟ್ಟು ಉಂಡುದಕ್ಕಾಗಿ ಯಾರೂ ಪ್ರಾಯಶ್ಚಿತ್ತವನ್ನು ಕೇಳಿದ್ದಿಲ್ಲ.

ಲಿಂಗವನ್ನು ಮನೆಯ ಪೆಟ್ಟಿಗೆಯಲ್ಲಿಟ್ಟು ಹೊರಟವನಿಗೆ ಮಾತ್ರ ಪರಸ್ಥಳವೆಂಬುದುಂಟು. ಅಂಗದ ಮೇಲೆ ಲಿಂಗವಿರುವವನಿಗೆ ಸುಬ್ರಹ್ಮಣ್ಯದ ರಥಬೀದಿಯ ಹೋಟೆಲಿನ ಮೂಲೆಯೂ ಅರ್ಪಿತದ ಸ್ಥಾನವೇ. ಕ್ಷಣಕಾಲ ಕಣ್ಮುಚ್ಚಿ ಅರ್ಪಿಸುವುದಕ್ಕೆ ಘಂಟೆ ಜಾಗಟೆಗಳು ಬೇಕಾಗಿಲ್ಲ, ಪಕ್ಕದ ಮೇಜಿನವರ ನೋಟಕ್ಕೆ ಅಂಜಬೇಕಾಗಿಯೂ ಇಲ್ಲ.

ಉಳಿದಿರುವ ತೊಡಕು ಕರಾವಳಿಯದೇ. ಅಲ್ಲಿ ಮೀನು ನಿತ್ಯದ ಆಹಾರ; ಹೆದ್ದಾರಿಯ ಬದಿಯಲ್ಲಿ ಎರಡೂ ಬಗೆಯ ಅಡಿಗೆಯನ್ನು ಒಂದೇ ಒಲೆಯ ಮೇಲೆ ಮಾಡುವ ಹೋಟೆಲುಗಳುಂಟು. ಕತ್ತಲಾಗಿ, ಮಕ್ಕಳು ಹಸಿದು, ಅಂಥದೊಂದೇ ಹೋಟೆಲು ಎದುರಾದರೆ ಗೃಹಸ್ಥನು ಏನು ಮಾಡತಕ್ಕದ್ದು? ಪಾತ್ರೆ ಸೌಟುಗಳು ಬೇರೆಯಾಗಿವೆಯೇ ಎಂದು ವಿನಯದಿಂದ ಕೇಳಬಹುದು. ಕೇಳಿದರೆ ಯಾರೂ ಕೋಪಿಸಿಕೊಳ್ಳುವುದಿಲ್ಲ. ಬೇರೆಯಿಲ್ಲವೆಂದು ತಿಳಿದರೆ ಹೊರಗಿನ ಅಂಗಡಿಯಲ್ಲಿ ಬಾಳೆಹಣ್ಣಿನ ಗೊನೆಯು ತೂಗುತ್ತಿರುತ್ತದೆ, ಹಾಲೂ ದೊರೆಯುತ್ತದೆ. ಒಂದು ರಾತ್ರಿಗೆ ಅಷ್ಟು ಸಾಕು. ಮೂಗು ಮುಚ್ಚಿಕೊಂಡು ಹೊರಬರುವ ಅಗತ್ಯವಿಲ್ಲ. ಒಳಗೆ ದಿನದ ದುಡಿಮೆಯನ್ನು ಮುಗಿಸಿ ಬಂದ ಲಾರಿಯ ಚಾಲಕನೂ ರಬ್ಬರು ತೋಟದ ಆಳೂ ಉಣ್ಣುತ್ತಿರುತ್ತಾರೆ.