ಓಟಗಾರ್ತಿಯ ಆಯಾಸ



ಇಟಲಿಯ ವಲೇರಿಯಾ ಸ್ತ್ರನೇಯೊ ಎಂಬ ಓಟಗಾರ್ತಿಯ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಎರಡು ಮಕ್ಕಳ ತಾಯಿ. ವಂಶದಿಂದ ಬಂದ ದೋಷವೊಂದು ಆಕೆಯ ರಕ್ತದಲ್ಲಿತ್ತು. ಈ ರೋಗದಲ್ಲಿ ಕೆಂಪು ಕಣಗಳು ಬಿಲ್ಲೆಯಂತಿರದೆ ಉಂಡೆಯಂತಿರುತ್ತವೆ. ಹೊಟ್ಟೆಯ ಎಡಬದಿಯ ಗುಲ್ಮವು ಅವನ್ನು ಬೇಗನೆ ನಾಶಮಾಡುತ್ತದೆ, ರಕ್ತಹೀನತೆ ಬರುತ್ತದೆ. 2010ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಗುಲ್ಮವನ್ನು ತೆಗೆದರು. 2012ರಲ್ಲಿ ಆಕೆ ರೋಮಿನ ಮ್ಯಾರಥಾನನ್ನು 2 ಗಂಟೆ 23 ನಿಮಿಷ 44 ಸೆಕೆಂಡುಗಳಲ್ಲಿ ಮುಗಿಸಿದರು; ಅದು ಅಂದಿನ ರಾಷ್ಟ್ರೀಯ ದಾಖಲೆ. ಮರುವರ್ಷ, 37ನೇ ವಯಸ್ಸಿನಲ್ಲಿ, ಮಾಸ್ಕೋದ ವಿಶ್ವ ಸ್ಪರ್ಧೆಯ ಸುಡುಬಿಸಿಲಲ್ಲಿ ಸುಮಾರು 40 ಕಿ.ಮೀ.ವರೆಗೂ ಮುಂದಿದ್ದರು. ಕೊನೆಗೆ ಕೀನ್ಯದ ಎಡ್ನಾ ಕಿಪ್ಲಗಾಟ್ ದಾಟಿದರು. ವಲೇರಿಯಾರಿಗೆ ಬೆಳ್ಳಿ.

ಸಂತ ಪೌಲರಿಗೂ ಓಟದ ಹೋಲಿಕೆ ಪ್ರಿಯ. ಬೋಧಿಸುವವರಾದ ನಾವು ಅದನ್ನೇ ಹಿಡಿದು ಜನರನ್ನು ಇನ್ನಷ್ಟು ಓಡಿಸುತ್ತೇವೆ! ಆದರೆ 2010ಕ್ಕೆ ಮೊದಲು ಆಕೆಗೆ "ಇನ್ನೂ ಪ್ರಯತ್ನಪಡು" ಎಂದಿದ್ದರೆ ಏನು ಬಂತು? ಕೊರತೆಯಿದ್ದುದು ಮನಸ್ಸಿನಲ್ಲಲ್ಲ, ರಕ್ತದಲ್ಲಿ.

ಸಂಜೆ ಜಪಸರದ ಹೊತ್ತಿಗೆ ತೂಕಡಿಸುವ ಸೊಸೆಯನ್ನು ಸೋಮಾರಿ, ಭಕ್ತಿಯಿಲ್ಲದವಳು ಎಂದುಬಿಡುತ್ತೇವೆ. ಆಕೆಯ ರಕ್ತಪರೀಕ್ಷೆ ಮಾಡಿಸಿದ್ದೀರಾ? ಎಲ್ಲರೂ ಉಂಡೆದ್ದ ಮೇಲೆ ಆಕೆಯ ತಟ್ಟೆಗೆ ಏನು ಉಳಿದಿರುತ್ತದೆ, ನೋಡಿದ್ದೀರಾ?

ಪ್ರವಾದಿ ಎಲೀಯನು ದಣಿದು, ಸಾವನ್ನೇ ಬೇಡಿಕೊಂಡು ಗಿಡದಡಿ ಮಲಗಿದಾಗ ದೇವದೂತನು ಗದರಿಸಲಿಲ್ಲ. ರೊಟ್ಟಿ, ನೀರು ಇಟ್ಟನು. ಎಲೀಯನು ತಿಂದು, ಕುಡಿದು, ಮತ್ತೆ ಮಲಗಿದನು. ದೂತನು ಎರಡನೆಯ ಸಲವೂ ಬಂದು ಎಬ್ಬಿಸಿ ಉಣ್ಣಿಸಿದನು. ಹೋರೇಬ್ ಬೆಟ್ಟದ ದಾರಿ ಎಷ್ಟು ದೂರವೆಂದು ಅವನಿಗೆ ಗೊತ್ತಿತ್ತು.