ಹಸಿ ಸೌದೆಯ ಲೆಕ್ಕ

ಆಷಾಢದ ಮಳೆ. ಕೊಪ್ಪದ ಹತ್ತಿರ ಒಂದು ಮನೆಯ ಜಗಲಿಯಲ್ಲಿ ಮೂವರು ಕೂತಿದ್ದರು. ಒಬ್ಬರು ಶೃಂಗೇರಿಯಲ್ಲಿ ನ್ಯಾಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ನರಸಿಂಹರಾಜಪುರದ ಕಡೆಯ ಅಡಿಕೆ ಬೆಳೆಗಾರರು. ಮೂರನೆಯವಳು ಆ ಮನೆಯ ಮಗಳು, ಎಂಜಿನಿಯರ್. ರೋಬಾಟ್‌ಗಳಿಗಾಗಿ ಯಾರೋ ಬರೆದ ಲಿನಕ್ಸ್ ತಂತ್ರಾಂಶವನ್ನು ಬೇರೆಯವರು ಸುಲಭವಾಗಿ ಹಾಕಿಕೊಳ್ಳುವಂತೆ ಪ್ಯಾಕೇಜ್ ಮಾಡುವುದು ಅವಳ ಕೆಲಸ. ಮಾತು ಹೀಗೆ ನಡೆಯಿತು.

ಬೆಳೆಗಾರ: ಬೇರೆಯವರು ಬರೆದದ್ದನ್ನ ಕಟ್ಟಿ ಕಳಿಸೋದೇ ಒಂದು ಕೆಲಸವಾ?

ಎಂಜಿನಿಯರ್: ಬರೆದವರು "ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಓಡ್ತಿದೆ" ಅಂತಾರೆ. ಅವರು ಹೇಳೋದು ನಿಜ. ಆದರೆ ಯಾವತ್ತೋ ಯಾವುದೋ ಕೆಲಸಕ್ಕೆ ಹಾಕಿಕೊಂಡ ಲೈಬ್ರರಿಯೊಂದು ಅಲ್ಲಿ ಉಳಿದಿರುತ್ತೆ. ಅದರಿಂದಲೇ ಇದು ಓಡ್ತಿರೋದು ಅಂತ ಅವರಿಗೂ ಗೊತ್ತಿರೋದಿಲ್ಲ. ನಿಮ್ಮ ಮನೆಗೆ ತಂದರೆ ನಿಂತುಹೋಗುತ್ತೆ.

ಮೇಷ್ಟ್ರು: ಇದನ್ನೇ ತರ್ಕದಲ್ಲಿ ನಾವು ಉಪಾಧಿ ಅನ್ನುವುದು. ಹೊಗೆ ಇದ್ದಲ್ಲಿ ಬೆಂಕಿ ಇದೆ, ಸರಿ. ಅದನ್ನೇ ತಿರುಗಿಸಿ ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎಂದರೆ ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆಯೇಳಬೇಕಾದರೆ ಹಸಿ ಸೌದೆ ಸೇರಬೇಕು. ಮಳೆಗಾಲದ ಮಲೆನಾಡಿನಲ್ಲಿ ಸೌದೆಯೆಲ್ಲ ಹಸಿ. ಹಾಗಾಗಿ ಇಲ್ಲೇ ಹುಟ್ಟಿ ಬೆಳೆದವನಿಗೆ ಬೆಂಕಿಯೇ ಹೊಗೆ ಕೊಡುತ್ತದೆ ಅನ್ನಿಸೀತು. ಸೌದೆ ಅವನ ಕಣ್ಣಿಗೆ ಬೀಳುವುದಿಲ್ಲ.

ಎಂಜಿನಿಯರ್: ನನ್ನ ಕೆಲಸ ಆ ಸೌದೆ ಹುಡುಕೋದು. ಡೆಬಿಯನ್ ಅನ್ನೋ ಲಿನಕ್ಸ್‌ನ ಪ್ಯಾಕೇಜಿನಲ್ಲಿ 'ಕಂಟ್ರೋಲ್' ಅಂತ ಒಂದು ಕಡತ ಇರುತ್ತೆ. ಅದರ 'ಡಿಪೆಂಡ್ಸ್' ಸಾಲಿನಲ್ಲಿ ಇದಕ್ಕೆ ಇಂಥಿಂಥದ್ದು ಬೇಕು, ಇಂಥ ಆವೃತ್ತಿಗಿಂತ ಹಳೆಯದಾಗಬಾರದು ಅಂತ ಬರೀಬೇಕು. ಅದು ಪೂರ್ತಿಯಾಗಿದೆಯಾ ಅಂತ ನೋಡೋಕೆ, ಅಗತ್ಯದ ನಾಲ್ಕು ಸಾಮಾನು ಬಿಟ್ಟು ಏನೂ ಇಲ್ಲದ ಒಂದು ಖಾಲಿ ವ್ಯವಸ್ಥೆಯಲ್ಲಿ ಹಾಕಿ ಓಡಿಸಿ ನೋಡ್ತೀವಿ. ಅಲ್ಲಿ ನಿಂತುಹೋದರೆ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ರೋಬಾಟ್ ವಿಷಯದಲ್ಲಿ ಇದು ಇನ್ನೂ ಬಿಗಿ. ರಾಸ್ ಅನ್ನೋ ತಂತ್ರಾಂಶದ ಮೇಲೆ ಎಷ್ಟೋ ರೋಬಾಟ್‌ಗಳು ನಡೀತವೆ. ಅದರ ಹಂಬಲ್ ಆವೃತ್ತಿಯ ಪ್ಯಾಕೇಜುಗಳು ಉಬುಂಟು ಲಿನಕ್ಸ್‌ನ 22.04ಕ್ಕೆ, ಜಾಝಿಯದ್ದು 24.04ಕ್ಕೆ. ಅದಲು ಬದಲಾದರೆ ಕೂರೋದಿಲ್ಲ. ಲ್ಯಾಪ್‌ಟಾಪಿನ ಪ್ರೊಸೆಸರ್ ಒಂದು ಜಾತಿ, ರೋಬಾಟಿನ ಪುಟ್ಟ ಬೋರ್ಡಿನದು ಬಹಳ ಸಲ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಟ್ಟಬೇಕು.

ಬೆಳೆಗಾರ: ಅಷ್ಟು ತಾಪತ್ರಯ ಯಾಕೆ? ಸೌದೆ ಸಮೇತ ಕಟ್ಟಿ ಕಳಿಸಿಬಿಡಿ.

ಎಂಜಿನಿಯರ್: ಅದೂ ಉಂಟು. ಡಾಕರ್, ಸ್ನ್ಯಾಪ್, ಆಪ್‌ಇಮೇಜ್ ಎಲ್ಲ ಹೆಚ್ಚುಕಡಿಮೆ ಆ ದಾರಿಯವೇ. ನಾನೂ ಬಳಸ್ತೀನಿ. ಹತ್ತು ಕಡೆ ಹತ್ತು ಥರದ ಯಂತ್ರ ಇದ್ದಾಗ ಅದೇ ಉಳಿಸೋದು. ಆದರೆ ಒಂದು ತೊಡಕಿದೆ. ಎಲ್ಲರೂ ಬಳಸೋ ಲೈಬ್ರರಿಯಲ್ಲಿ ನಾಳೆ ಭದ್ರತೆಯ ದೋಷ ಸಿಕ್ಕಿತು ಅಂತಿಟ್ಟುಕೊಳ್ಳಿ. ಡೆಬಿಯನ್ ರೀತಿಯಲ್ಲಿ ಆ ಒಂದು ಪ್ಯಾಕೇಜ್ ತಿದ್ದಿದರೆ ಅದನ್ನ ನಂಬಿದ ಎಲ್ಲವೂ ಸರಿಹೋಗುತ್ತೆ. ಎಲ್ಲರೂ ತಮ್ಮ ತಮ್ಮ ಪ್ರತಿ ಕಟ್ಟಿಕೊಂಡಿದ್ದರೆ ಪ್ರತಿಯೊಂದು ಕಟ್ಟನ್ನೂ ಅದರದರ ಯಜಮಾನ ಮತ್ತೆ ಕಟ್ಟಬೇಕು. ಕಂಪನಿ ಮುಚ್ಚಿದ್ದರೆ ಕಟ್ಟೋರು ಯಾರು?

ಮೇಷ್ಟ್ರು: ಅಂದರೆ ನೀನು ಹೊರುವುದು ಭಾರವಲ್ಲ, ಹೊಣೆ. ಸೌದೆಯನ್ನು ಪಟ್ಟಿಯಲ್ಲಿ ಬರೆದರೆ ಹೊಣೆ ಹಂಚಿಹೋಗುತ್ತದೆ. ಒಳಗೇ ಕಟ್ಟಿದರೆ ಎಲ್ಲ ಒಬ್ಬನ ತಲೆಗೆ. ಆ ಒಬ್ಬನನ್ನು ನಂಬುವುದು ಹೇಗೆ?

ಎಂಜಿನಿಯರ್: ಸಹಿಯಿಂದ. ಪ್ಯಾಕೇಜುಗಳ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತೆ. ಪಟ್ಟಿಯಲ್ಲಿ ಒಂದೊಂದು ಕಡತದ ಬೆರಳಚ್ಚಿನಂಥ ಸಂಖ್ಯೆ ಇರುತ್ತೆ. ಒಂದು ಅಕ್ಷರ ಬದಲಾದರೂ ತಾಳೆಯಾಗೋಲ್ಲ. ಆದರೆ ಸಹಿಗೂ ಆಯಸ್ಸು ಇದೆ. 2021ರ ಮೇ ಕೊನೆಗೆ ರಾಸ್‌ನ ಸಹಿ ಕೀಲಿಯ ಅವಧಿ ಮುಗಿಯಿತು. ತಂತ್ರಾಂಶದಲ್ಲಿ ಏನೂ ಕೆಟ್ಟಿರಲಿಲ್ಲ, ಆದರೂ ಹಳೇ ಕೀಲಿ ಇಟ್ಟುಕೊಂಡಿದ್ದ ಕಂಪ್ಯೂಟರುಗಳಲ್ಲಿ ಅಪ್‌ಡೇಟ್ ನಿಂತಿತು. 2025ರಲ್ಲಿ ಮತ್ತೆ ಅವಧಿ ಮುಗಿಯೋ ಹೊತ್ತಿಗೆ ಕೀಲಿಯನ್ನೇ ಒಂದು ಪ್ಯಾಕೇಜ್ ಮಾಡಿದರು, ಮುಂದಿನ ಸಲ ಅದು ತಾನಾಗಿ ಹೊಸದಾಗಲಿ ಅಂತ.

ಮೇಷ್ಟ್ರು: ಸಹಿ ಇದ್ದರೆ ಕೊಟ್ಟವರು ಯಾರೆಂದು ತಿಳಿದೀತು. ಕೊಟ್ಟದ್ದು ಒಳ್ಳೆಯದೇ ಎಂದು ತಿಳಿಯುವುದೇ?

ಇಲ್ಲಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಈ ಪ್ರಶ್ನೆಗೆ ತಂತ್ರಜ್ಞಾನದ ಒಳಗೆ ಪೂರ್ತಿ ಉತ್ತರ ಇಲ್ಲ ಎಂದು ಇದನ್ನು ಬರೆಯುತ್ತಿರುವ ನನಗೂ ಅನ್ನಿಸುತ್ತದೆ.

ಎಂಜಿನಿಯರ್: ತಿಳಿಯೋದಿಲ್ಲ. 2024ರ ಮಾರ್ಚ್‌ನಲ್ಲಿ ಆದದ್ದು ಅದೇ. ಎಕ್ಸ್‌ಝಡ್ ಅಂತ ಕಡತ ಕುಗ್ಗಿಸೋ ಒಂದು ಸಣ್ಣ ತಂತ್ರಾಂಶ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರೋದು. ಅದನ್ನ ನೋಡಿಕೊಳ್ತಿದ್ದವರ ವಿಶ್ವಾಸವನ್ನ ವರ್ಷಗಟ್ಟಲೆ ಕೆಲಸ ಮಾಡಿ ಗಳಿಸಿದ ಒಬ್ಬ ಅಪರಿಚಿತ ಅದರಲ್ಲಿ ಕಳ್ಳಬಾಗಿಲು ಇಟ್ಟ. ಎಲ್ಲರೂ ಓದಬಹುದಾದ ಮೂಲಸಂಕೇತದ ಜಾಗದಲ್ಲಿ ನೋಡಿದರೆ ಆ ಬಾಗಿಲು ತೆರೆಯೋ ಸಾಲುಗಳೇ ಇರಲಿಲ್ಲ. ಅವು ಇದ್ದದ್ದು ಬಿಡುಗಡೆಗೆ ಅಂತ ಕಟ್ಟಿದ ಕಟ್ಟಿನಲ್ಲಿ ಮಾತ್ರ. ಪ್ಯಾಕೇಜ್ ಮಾಡೋರು ಸಾಮಾನ್ಯವಾಗಿ ತಗೊಳ್ಳೋದು ಆ ಕಟ್ಟನ್ನೇ. ಸಹಿಯೂ ಸರಿ ಇತ್ತು. ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್‌ಗೆ ದೂರದ ಕಂಪ್ಯೂಟರಿಗೆ ಲಾಗಿನ್ ಆಗೋದು ಸುಮಾರು ಅರ್ಧ ಸೆಕೆಂಡ್ ತಡವಾಗ್ತಿದೆ ಅನ್ನಿಸಿತು. ಯಾಕೆ ಅಂತ ಬೆನ್ನುಹತ್ತಿ ಹೋದರು. ಹಾಗಾಗಿ ಸಿಕ್ಕಿತು.

ಬೆಳೆಗಾರ: ಅವರಿಗೆ ಬಿಚ್ಚಿ ನೋಡೋಕೆ ಆಯಿತು, ಸಿಕ್ಕಿತು. ನನಗೆ ಅದರಿಂದೇನು? ನಾನು ಬಿಚ್ಚಿದರೂ ಏನೂ ಅರ್ಥವಾಗೋಲ್ಲ. ನನಗೆ ಕೊಳೆರೋಗ, ಎಲೆಚುಕ್ಕಿ, ಹಳದಿ ಎಲೆ ನೋಡಿಕೊಳ್ಳೋದೇ ಸಾಕಾಗಿದೆ. ಮರ ಹತ್ತೋ ಕೊನೆಗಾರರು ಸಿಗೋಲ್ಲ. ಡ್ರೋನ್ ಬಂದು ಬೋರ್ಡೋ ದ್ರಾವಣ ಹೊಡೆಯುತ್ತೆ ಅಂದರೆ ಬರಲಿ. ಒಳಗೆ ಏನಿದೆ ಅಂತ ತಿಳಿಯದೆ ಇರೋದೂ ನನ್ನ ಹಕ್ಕು.

ಮೇಷ್ಟ್ರು: ಒಪ್ಪಿದೆ. ಆದರೆ ನಿಮ್ಮ ಪವರ್ ಸ್ಪ್ರೇಯರ್ ಕೆಟ್ಟರೆ ಏನು ಮಾಡುತ್ತೀರಿ?

ಬೆಳೆಗಾರ: ಪೇಟೆಗೆ ಒಯ್ಯೋದು. ಬಿಚ್ಚಿ ವಾಷರ್ ಹಾಕಿ ಕೊಡ್ತಾರೆ.

ಮೇಷ್ಟ್ರು: ನಿಮಗೆ ತಿಳಿಯದಿದ್ದರೂ ನಡೆಯುತ್ತದೆ, ನೀವು ನಂಬುವ ಒಬ್ಬನಿಗೆ ತಿಳಿಯುವ ದಾರಿ ಇರುವುದರಿಂದ. ಡ್ರೋನಿಗೆ ಆ ದಾರಿ ಮುಚ್ಚಿದ್ದರೆ ತಿಳಿಯದಿರುವುದು ಹಕ್ಕಾಗಿ ಉಳಿಯುವುದಿಲ್ಲ. ಮಳೆಗಾಲದ ಮಧ್ಯೆ ಡ್ರೋನ್ ನಿಂತು ಕಾಯಿ ಉದುರುತ್ತಿದ್ದರೆ ಕಂಪನಿಯ ಫೋನಿಗೆ ಕಾಯುತ್ತ ಕೂರಬೇಕಾಗುತ್ತದೆ.

ಬೆಳೆಗಾರರು ಇದಕ್ಕೆ ಎದುರು ಹೇಳಲಿಲ್ಲ. ಅವರ ಪ್ರಶ್ನೆ ಬೇರೆ ಕಡೆಗೆ ತಿರುಗಿತು.

ಬೆಳೆಗಾರ: ಸರಿ, ದಾರಿ ಇರಲಿ. ನಮ್ಮೂರಿಗೆ ಅದು ಬರೋದು ಹೇಗೆ? ಕರೆಂಟ್ ಹೋದರೆ ಹಿಂದೆಯೇ ಟವರ್ ಹೋಗುತ್ತೆ.

ಎಂಜಿನಿಯರ್: ಅದಕ್ಕೇ ಹಗುರ ಮಾಡೋದು. ರಾಸ್‌ನಲ್ಲಿ 'ಡೆಸ್ಕ್‌ಟಾಪ್' ಕಟ್ಟು ಅಂತ ಒಂದಿದೆ, ಚಿತ್ರ ತೋರಿಸೋ ಉಪಕರಣ, ಪಾಠದ ಮಾದರಿಗಳು ಎಲ್ಲ ಸೇರಿದ್ದು. ಪರದೆಯೇ ಇಲ್ಲದ ರೋಬಾಟಿಗೆ 'ಬೇಸ್' ಸಾಕು. ದೋಷ ಹುಡುಕೋರಿಗೆ ಬೇಕಾದ ಮಾಹಿತಿಯನ್ನ ಬೇರೆ ಪ್ಯಾಕೇಜ್ ಮಾಡಿ ಇಡ್ತೀವಿ, ಬೇಕಾದವರು ತಗೊಳ್ಳಲಿ ಅಂತ. ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಪ್ಯಾಕೇಜ್ ಇಳಿಸೋ ಆಪ್ಟ್ ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಸುತ್ತೆ. ನೆಟ್ ಇಲ್ಲವೇ ಇಲ್ಲ ಅಂದರೆ ಆಪ್ಟ್-ಆಫ್‌ಲೈನ್ ಇದೆ. ಯಾವ್ಯಾವುದು ಬೇಕು ಅಂತ ಈ ಯಂತ್ರ ಚೀಟಿ ಬರೆದುಕೊಡುತ್ತೆ, ನೆಟ್ ಇರೋ ಇನ್ನೊಂದು ಯಂತ್ರದಲ್ಲಿ ಇಳಿಸಿ ತಂದು ಹಾಕೋದು.

ಮೇಷ್ಟ್ರು: ಹಗುರ ಮಾಡುವಾಗ ಮೊದಲು ಏನನ್ನು ಬಿಸಾಡುತ್ತೀರಿ?

ಎಂಜಿನಿಯರ್: ಡೆಬಿಯನ್‌ನ 'ಸ್ಲಿಮ್' ಡಾಕರ್ ಇಮೇಜಿನಲ್ಲಿ ಕೈಪಿಡಿಗಳು, ವಿವರಣೆಯ ಕಡತಗಳು ತೆಗೆದಿರ್ತಾರೆ. ಲೈಸೆನ್ಸ್ ಕಡತ ಮಾತ್ರ ಉಳಿಸ್ತಾರೆ. ಆಮೇಲೆ ಲೊಕೇಲ್ ಫೋಲ್ಡರ್.

ಮೇಷ್ಟ್ರು: ಅದರಲ್ಲಿ ಏನಿರುತ್ತದೆ?

ಎಂಜಿನಿಯರ್: ಅನುವಾದಗಳು. ಬೇರೆ ಬೇರೆ ಭಾಷೆಯಲ್ಲಿ ಸಂದೇಶ ತೋರಿಸೋಕೆ. ಕನ್ನಡದ್ದು ಇದ್ದರೆ ಅದೂ ಅಲ್ಲೇ.

ಮೇಷ್ಟ್ರು: ಅಂದರೆ ಅನಗತ್ಯ ಎಂದು ಮೊದಲು ಹೊರಗೆ ಹೋಗುವುದು ನಮ್ಮ ಭಾಷೆ.

ಎಂಜಿನಿಯರ್: ಸರ್ವರ್ ಕೋಣೆಯಲ್ಲಿರೋ ಯಂತ್ರದ ಮುಂದೆ ಓದೋರೇ ಇರೋಲ್ಲ, ಅಲ್ಲಿಗೆ ಅದು ಸರಿಯಾದ ನಿರ್ಧಾರ. ಅದೇ ನಿರ್ಧಾರ ಯಾರೂ ಮತ್ತೆ ಕೇಳದೆ ರೋಬಾಟಿಗೂ ಬಂದುಬಿಡುತ್ತೆ. ಹೌದು, ಅದು ತಪ್ಪು. ಕನ್ನಡಕ್ಕೆ ಲಿನಕ್ಸ್‌ನಲ್ಲಿ ಜಾಗ ಮಾಡಿದ್ದೇ ಪ್ಯಾಕೇಜುಗಳು. ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್‌ನಲ್ಲಿವೆ, ಕ.ಗ.ಪ. ಕೀಲಿಮಣೆ ವಿನ್ಯಾಸ ಇದೆ. ಒಂದು ಆಜ್ಞೆ ಕೊಟ್ಟರೆ ಬರ್ತವೆ. ಯಾರೋ ಕೂತು ಆ ಕೆಲಸ ಮಾಡಿದ್ದಕ್ಕೆ ಬಂದವು.

ಬೆಳೆಗಾರ: ಡ್ರೋನ್ ತೋಟದ ಮಧ್ಯೆ ಇಳಿದು ಇಂಗ್ಲಿಷಲ್ಲಿ ಏನೋ ತೋರಿಸಿದರೆ ಅಲ್ಲಿ ಇರೋದು ನಾನು, ನಮ್ಮ ಆಳು. ಗಾಳಿ ಜಾಸ್ತಿ ಆಯಿತಾ, ಬ್ಯಾಟರಿ ಮುಗಿಯಿತಾ, ನಾಝಲ್ ಕಟ್ಟಿತಾ, ಅಷ್ಟು ಕನ್ನಡದಲ್ಲಿ ಹೇಳಲಿ. ಅದಕ್ಕೆ ಎಷ್ಟು ಜಾಗ ಬೇಕು?

ಎಂಜಿನಿಯರ್: ಕೆಲವು ಕಿಲೋಬೈಟ್. ಜಾಗದ ತೊಂದರೆಯೇ ಅಲ್ಲ. ನಾನು ಕಟ್ಟೋ ಪ್ಯಾಕೇಜಿನಲ್ಲಿ ಲೊಕೇಲ್ ಉಳಿಸ್ತೀನಿ. ಆದರೆ ಉಳಿಸೋಕೆ ಮೊದಲು ಅನುವಾದ ಇರಬೇಕಲ್ಲ, ಆ ಸಂದೇಶಗಳನ್ನ ಯಾರೂ ಕನ್ನಡಕ್ಕೆ ತಂದಿಲ್ಲ. ಪಟ್ಟಿ ಕೊಡ್ತೀನಿ, ಮೇಷ್ಟ್ರು ಬರೀತಾರಾ?

ಮೇಷ್ಟ್ರು: ಮೊದಲು ಇವರು ಬರೆಯಲಿ. ತೋಟದಲ್ಲಿ ನಿಂತು ಓದುವವರು ಇವರು. ಆಮೇಲೆ ನಾನು ನೋಡುತ್ತೇನೆ.

ಬೆಳೆಗಾರ: ಕೊಡು. ಪೆನ್‌ಡ್ರೈವಲ್ಲಿ ಹಾಕಿ ಕೊಡು, ಈ ಮಳೇಲಿ ನಮ್ಮ ಕಡೆ ಟವರ್ ಯಾವಾಗ ಬರುತ್ತೋ ಗೊತ್ತಿಲ್ಲ.