ರದ್ದಾದ ಕಾಯಿದೆ, ಉಳಿದ ಋಣ

ರಾಜ್ಯದ ಕಾನೂನು ನಿಷೇಧಿಸಿದ ಕಾರ್ಯವೊಂದನ್ನು ಒಬ್ಬನು ಮಾಡಿದನು. ಕಾಲಾಂತರದಲ್ಲಿ ಆ ಕಾನೂನೇ ರದ್ದಾಯಿತು. ಆಗ ಅವನು ಮಾಡಿದ ದೋಷವೂ ರದ್ದಾಗುವುದೇ? ಮೇಲ್ನೋಟಕ್ಕೆ ಇದು ತರ್ಕಶಾಸ್ತ್ರದ ಪ್ರಶ್ನೆಯಂತೆ ತೋರಬಹುದು. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಹೊಲ ಕೊಂಡವರ ಮತ್ತು ಮಾರಿದವರ ಮನೆಗಳಿಗೆ ಇದು ವ್ಯವಹಾರದ ಪ್ರಶ್ನೆಯೂ ಹೌದು, ಧರ್ಮದ ಪ್ರಶ್ನೆಯೂ ಹೌದು.

1961ರ ಭೂ ಸುಧಾರಣಾ ಕಾಯಿದೆಗೆ ದೇವರಾಜ ಅರಸು ಅವರ ಸರಕಾರವು ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಉಳುವವನೇ ಒಡೆಯನಾಗಬೇಕೆಂಬುದು ಅದರ ತಿರುಳು. ಐವರವರೆಗಿನ ಕುಟುಂಬಕ್ಕೆ 10 ಯೂನಿಟ್, ಅಂದರೆ ಕೊನೆಯ ದರ್ಜೆಯ ಖುಷ್ಕಿ ಜಮೀನಿನಲ್ಲಿ 54 ಎಕರೆ, ಗರಿಷ್ಠ ಮಿತಿ ಎಂದಾಯಿತು. ಕೃಷಿಯೇತರ ಆದಾಯವು ನಿಗದಿತ ಮೊತ್ತವನ್ನು ಮೀರಿದವರು ಸಾಗುವಳಿ ಭೂಮಿಯನ್ನು ಸಂಪಾದಿಸಬಾರದೆಂದು 79-ಎ ಕಲಮು ವಿಧಿಸಿತು. ಕಂಪನಿಗಳೂ ವಿದ್ಯಾಸಂಸ್ಥೆಗಳೂ ಧಾರ್ಮಿಕ ಮತ್ತು ದತ್ತಿ ಸಂಸ್ಥೆಗಳೂ ಅಂತಹ ಭೂಮಿಯನ್ನು ಹೊಂದಬಾರದೆಂಬುದು 79-ಬಿ ಕಲಮಿನ ಆಶಯವಾಗಿತ್ತು. 2 ಲಕ್ಷ ರೂಪಾಯಿ ಇದ್ದ ಆದಾಯದ ಮಿತಿಯು 2015ರಲ್ಲಿ 25 ಲಕ್ಷಕ್ಕೆ ಏರಿತು. 2020ರ ಜುಲೈ ತಿಂಗಳ ಸುಗ್ರೀವಾಜ್ಞೆಯೂ ಡಿಸೆಂಬರಿನಲ್ಲಿ ಶಾಸನಸಭೆಯ ಒಪ್ಪಿಗೆ ಪೂರ್ಣಗೊಂಡ ತಿದ್ದುಪಡಿಯೂ ಈ ಕಲಮುಗಳನ್ನು ತೆಗೆದುಹಾಕಿದವು. ಅವು 1974ರ ಮಾರ್ಚ್ 1ರಿಂದಲೇ ಇರಲಿಲ್ಲವೆಂದು ಭಾವಿಸತಕ್ಕದ್ದೆಂದಾಯಿತು; ಅವುಗಳ ಅಡಿಯಲ್ಲಿ ನಡೆಯುತ್ತಿದ್ದ ಪ್ರಕರಣಗಳು ಅಲ್ಲಿಗೇ ನಿಂತವು. ಆದರೆ ಕುಟುಂಬವೊಂದು ಎಷ್ಟು ಭೂಮಿಯನ್ನು ಇಟ್ಟುಕೊಳ್ಳಬಹುದೆಂಬ ಗರಿಷ್ಠ ಮಿತಿಯ ತತ್ತ್ವವು ಅಳಿಯಲಿಲ್ಲ. ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಮಂಜೂರಾದ ಜಮೀನುಗಳ ಪರಭಾರೆಯನ್ನು ತಡೆಯುವ 1978ರ ಕಾಯಿದೆಯು ಬೇರೆಯೇ ಆದುದು. ಈ ತಿದ್ದುಪಡಿಯಿಂದ ಅದು ಸಡಿಲವಾಗಲಿಲ್ಲ.

ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಮತ್ತು ಕೊಳವೆಬಾವಿಗಳೇ ಆಧಾರ. ಸಣ್ಣ ಹಿಡುವಳಿಯಲ್ಲಿ ಹಿಪ್ಪುನೇರಳೆ ಬೆಳೆದು, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ತಂದು ಸಂಸಾರ ನಡೆಸುವವರು ಅನೇಕರು. ಅದೇ ಭೂಮಿಗೆ ಬೆಂಗಳೂರು ಸಮೀಪದ ನಗರವೂ ಆಗಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಖುಷ್ಕಿ ಹೊಲದ ಬೆಲೆಯನ್ನು ರಾಗಿಯ ಇಳುವರಿಯಿಂದ ಅಳೆಯುವ ಕಾಲ ಮುಗಿಯಿತು. ಬೆಲೆ ಏರಿದಲ್ಲಿ ಹಳೆಯ ಪತ್ರಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಪತ್ರಗಳ ಹಿಂದೆಯೇ ವ್ಯಾಜ್ಯಗಳೂ ಬರುತ್ತವೆ.

ರದ್ದತಿಯನ್ನು ಸಮರ್ಥಿಸುವವರ ಮಾತಿನಲ್ಲಿ ಸತ್ಯಾಂಶವಿದೆ. ನಿಷೇಧವು ಲಂಚಕ್ಕೆ ದಾರಿಯಾಯಿತು. ಬೇಸಾಯದಲ್ಲಿ ನಿಜವಾದ ಆಸಕ್ತಿಯುಳ್ಳವನನ್ನೂ ಅದು ದೂರವಿಟ್ಟಿತು. ಸಣ್ಣ ರೈತನ ಕೈಯಿಂದ ಭೂಮಿ ಜಾರುವುದೆಂಬ ವಿರೋಧಿಗಳ ಭಯವೂ ನಿರಾಧಾರವಲ್ಲ. ಕಾಯಿದೆಯು ಒಳ್ಳೆಯದೋ ಕೆಟ್ಟದೋ ಎಂಬುದನ್ನು ಶಾಸನಸಭೆಗಳು ತೀರ್ಮಾನಿಸಲಿ. ಅದು ಇದ್ದ ಕಾಲದಲ್ಲಿ ಶ್ರಾವಕನು ಹೇಗೆ ನಡೆದನೆಂಬುದು ಇಲ್ಲಿಯ ವಿಚಾರ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳ ಗಣನೆಯಿದೆ. ರಾಜ್ಯದ ಕಟ್ಟಳೆಯನ್ನು ಮೀರಿ ಸಂಪಾದಿಸುವ ವಿರುದ್ಧರಾಜ್ಯಾತಿಕ್ರಮವು ಅಚೌರ್ಯವ್ರತಕ್ಕೆ ಅತಿಚಾರ. ಸುಳ್ಳು ಬರಹವಾದ ಕೂಟಲೇಖಕ್ರಿಯೆಯೂ, ನಂಬಿ ಒಪ್ಪಿಸಿದುದನ್ನು ಅಪಹರಿಸುವ ನ್ಯಾಸಾಪಹಾರವೂ ಸತ್ಯವ್ರತಕ್ಕೆ ಅತಿಚಾರಗಳು. ಭೂಮಿಯ ವ್ಯವಹಾರದಲ್ಲಿ ಈ ಮೂರೂ ಒಂದೇ ಕ್ರಯಪತ್ರದೊಳಗೆ ಅಡಗಿರಲು ಸಾಧ್ಯ.

ಕಟ್ಟಳೆಯೇ ಹೋದ ಮೇಲೆ ಮೊದಲನೆಯ ದೋಷವೂ ಹೋಯಿತೆಂದು ವಾದಿಸಬಹುದು. ಆದರೆ ನಿಷೇಧವಿದ್ದ ಕಾಲದಲ್ಲಿ ಕೊಳ್ಳುವವರು ಕಡಿಮೆ. ಆದುದರಿಂದ ಬೆಲೆಯೂ ಕಡಿಮೆ. ಕಾಯಿದೆಗೆ ಗೌರವವಿತ್ತು ಹಿಂದೆ ಸರಿದ ನೂರು ಜನರ ಸಂಯಮವೇ, ಅದನ್ನು ಮೀರಿದ ಒಬ್ಬನಿಗೆ ಅಗ್ಗದ ಭೂಮಿಯನ್ನು ಒದಗಿಸಿತು. ಕಷ್ಟಕ್ಕೆ ಸಿಕ್ಕಿ ಮಾರಿದ ರೈತನು ಆ ಅಂತರವನ್ನು ತನ್ನ ಕೈಯಿಂದ ತೆತ್ತನು. ಶಾಸನವು ಮೀರಿದವನ ಹಕ್ಕನ್ನು ಸ್ಥಿರಗೊಳಿಸಿತಾದರೂ ಆ ಅಂತರವನ್ನು ಯಾರಿಗೂ ಮರಳಿಸಲಿಲ್ಲ. ಇದನ್ನು ಲಾಭದ ಖಾತೆಗೆ ಬರೆಯಬೇಕೋ ಋಣದ ಖಾತೆಗೋ ಎಂಬುದನ್ನು ಲೆಕ್ಕ ಬಲ್ಲ ವರ್ತಕನಿಗೆ ಬೇರೊಬ್ಬರು ಹೇಳಬೇಕಾಗಿಲ್ಲ.

ಎರಡನೆಯ ದೋಷವಂತೂ ಯಾವ ತಿದ್ದುಪಡಿಯಿಂದಲೂ ಹೋಗದು. ಆದಾಯವನ್ನು ಮರೆಮಾಚಿ ತಾನು ಅರ್ಹನೆಂದು ಘೋಷಿಸಿ ಸಹಿ ಹಾಕಿದವನು, ಕಾಯಿದೆ ಇದೆಯೆಂದು ತಿಳಿದೇ ಹಾಗೆ ಬರೆದನು. ಕಾಯಿದೆ ಎಂದೂ ಇರಲಿಲ್ಲವೆಂದು ಶಾಸನವು ಭಾವಿಸಬಲ್ಲುದು. ಸುಳ್ಳನ್ನು ಎಂದೂ ಹೇಳಲಿಲ್ಲವೆಂದು ಭಾವಿಸಲು ಅದಕ್ಕೆ ಅಧಿಕಾರವಿಲ್ಲ. ಕರ್ಮಬಂಧವು ಆ ಕ್ಷಣದ ಭಾವವನ್ನು ಅನುಸರಿಸುತ್ತದೆಯೇ ಹೊರತು ಮುಂದಿನ ರಾಜಪತ್ರವನ್ನಲ್ಲ. ಅದಕ್ಕೆ ಆಲೋಚನೆ, ಪ್ರತಿಕ್ರಮಣ ಮತ್ತು ಪ್ರಾಯಶ್ಚಿತ್ತಗಳೇ ಮಾರ್ಗ.

ಮೂರನೆಯದರಿಂದ ಮನೆಗಳೇ ಒಡೆಯುತ್ತವೆ. ತನ್ನ ಹೆಸರಿನಲ್ಲಿ ಕೊಳ್ಳಲಾಗದವನು ಬೇಸಾಯಗಾರನಾದ ನೆಂಟನ ಅಥವಾ ಆಳಿನ ಹೆಸರಿನಲ್ಲಿ ಕೊಂಡನೆಂದು ಭಾವಿಸೋಣ. ಹಣ ಒಬ್ಬನದು, ಪಹಣಿ ಮತ್ತೊಬ್ಬನದು, ಉಳುಮೆಯೂ ಆ ಮತ್ತೊಬ್ಬನದೇ. ಇಬ್ಬರೂ ಕಾಲವಾದ ಮೇಲೆ ಮಕ್ಕಳು ಎದುರುಬದುರಾಗುತ್ತಾರೆ. ಬೇನಾಮಿ ಆಸ್ತಿಯನ್ನು ಮರಳಿ ಪಡೆಯಲು ದಾವೆ ಹೂಡುವುದನ್ನು 1988ರ ಕಾಯಿದೆಯೇ ತಡೆದಿದೆ. 79-ಎ ಹೋದುದರಿಂದ ಆ ಬಾಗಿಲು ತೆರೆಯದು. ಹೆಸರಿದ್ದ ಮಾತ್ರಕ್ಕೆ ಎಲ್ಲವೂ ತನ್ನದೆನ್ನುವವನು ನ್ಯಾಸಾಪಹಾರಕ್ಕೆ ಸಮೀಪನಾಗುತ್ತಾನೆ. ಹಣ ಕೊಟ್ಟ ಮಾತ್ರಕ್ಕೆ ಎಲ್ಲವೂ ತನ್ನದೆನ್ನುವವನು, ತನ್ನ ಮೂಲಪತ್ರವೇ ಕೂಟಲೇಖವೆಂಬುದನ್ನೂ ಹತ್ತಾರು ವರ್ಷ ಆ ನೆಲದಲ್ಲಿ ಬೆವರು ಸುರಿಸಿದವನ ಶ್ರಮವನ್ನೂ ಮರೆಯುತ್ತಾನೆ. ತಾನೊಬ್ಬನೇ ಪೂರ್ಣ ಒಡೆಯನೆಂದು ಹೇಳುವ ಧರ್ಮಬಲ ಇಬ್ಬರಿಗೂ ಇಲ್ಲ. ಈ ಅರಿವಿನಿಂದ ಹೊರಡುವ ರಾಜಿಯು ಮಾತ್ರವೇ ಬಾಳುವ ರಾಜಿ.

ಬಸದಿಗಳ ಟ್ರಸ್ಟುಗಳಿಗೂ ಇಲ್ಲಿ ಹೊಸ ಹೊಣೆಯಿದೆ. ಹಿಂದಿನ ಮೈಸೂರು ಸಂಸ್ಥಾನದ ಧಾರ್ಮಿಕ ಇನಾಂ ಭೂಮಿಗಳು 1955ರ ರದ್ದತಿ ಕಾಯಿದೆಯಿಂದ ಹೋದವು; ಅನಂತರ 79-ಬಿ ತಡೆಯಾಗಿ ನಿಂತಿತ್ತು. ಆ ತಡೆ ಸರಿದಿರುವುದರಿಂದಲೇ ಕೊಳ್ಳುವುದು ಕರ್ತವ್ಯವಾಗುವುದಿಲ್ಲ. ಈ ಹೊಲವನ್ನು ಉಳುತ್ತಿರುವವರು ಯಾರು, ಅವರು ಮುಂದೆ ಎಲ್ಲಿಗೆ ಹೋಗುವರು, ಮಾರುವವನು ಯಾವ ಒತ್ತಡದಿಂದ ಮಾರುತ್ತಿದ್ದಾನೆ ಎಂಬ ಮೂರು ಪ್ರಶ್ನೆಗಳನ್ನು ಟ್ರಸ್ಟಿನ ಸಭೆಯು ಠರಾವಿಗೆ ಮುನ್ನ ಕೇಳಿಕೊಳ್ಳಬೇಕು. ದೇವರ ಹೆಸರಿನಲ್ಲಿ ಕೊಂಡರೂ ಲೋಭವು ಲೋಭವೇ.

ಪರಿಗ್ರಹಪರಿಮಾಣ ವ್ರತದಲ್ಲಿ ಪರಿಮಿತಗೊಳಿಸಬೇಕಾದ ವಸ್ತುಗಳನ್ನು ಎಣಿಸುವಾಗ ಶಾಸ್ತ್ರಕಾರರು ಮೊದಲು ಹೇಳಿರುವುದು ಕ್ಷೇತ್ರವನ್ನು, ಅಂದರೆ ಹೊಲವನ್ನು. ಸರಕಾರದ ಮಿತಿಯನ್ನು ಇಂದು ಒಬ್ಬರು ವಿಧಿಸಿದರೆ ನಾಳೆ ಮತ್ತೊಬ್ಬರು ತೆಗೆದಾರು. ವ್ರತದ ಮಿತಿಯನ್ನು ವಿಧಿಸಿಕೊಂಡವನು ತಾನೇ. ಅದನ್ನು ರದ್ದುಪಡಿಸುವ ಸುಗ್ರೀವಾಜ್ಞೆ ಯಾವುದೂ ಇಲ್ಲ. ಹೊರಗಿನ ಬೇಲಿ ಬಿದ್ದ ಈ ಕಾಲದಲ್ಲಿ ಪ್ರತಿಯೊಂದು ಕುಟುಂಬವೂ ತನಗೆ ಸಾಕಾಗುವ ಎಕರೆಗಳೆಷ್ಟೆಂಬುದನ್ನು ತಾನೇ ನಿರ್ಧರಿಸಿ ಮಕ್ಕಳಿಗೆ ತಿಳಿಸಿಡುವುದು ಶ್ರೇಯಸ್ಕರ.